ಫರಸಿಯ ಮೇಲಿನ ಹೆಜ್ಜೆ

ಅಂದು ನಳಕ್ಕೆ ನೀರು ಬಂದಾಗ ಇನ್ನೂ ಮಬ್ಬುಗತ್ತಲು. ಹಂಡೆ ತುಂಬಿಸಿ, ಸ್ಟೋವಿಗೆ ಪಿನ್ನು ಹಾಕಿ, ಚಹಾಕ್ಕಿಟ್ಟೆ. ನಮ್ಮವರು ದಾಡಿ ಮಾಡಿಕೊಳ್ಳುತ್ತ ಕನ್ನಡಿಯೊಳಗಿಂದಲೇ ಟಾವೆಲ್ ಕೇಳಿದರು. ಅವರು ಕಚೇರಿಗೆ ಹೋದ ಮೇಲೆ ತವರಿನಿಂದ ತಂದ ಕಪ್ಪು-ಬಸಿಗಳನ್ನು ಇಳಿಸಿ ಒರೆಸತೊಡಗಿದೆ. ಎದುರು ಮನೆಯಾಕೆ ಹಿಂದಿನ ದಿನವೇ ಕೇಳಿ ಹೋಗಿದ್ದಳು. ಅವಳ ಮಗಳನ್ನು ನೋಡಲು ಸಂಪಗಾಂವದಿಂದ ಬರುವವರಿದ್ದರು.

"ಬಾಯಾರ, ನೀವೂ ಬಂದು ಕುಂಡರಬೇಕ್ರಿ. ಕಾನ್ವೆಂಟ ಕಲತಾವ್ರು ಒಬ್ರು ಕುಂತ್ರ ಮನಿಗೆ ಕಳಾ ಬರತೈತಿ."

ಅದು ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ನನ್ನ ಓದಿಗಿದ್ದ ಉಪಯೋಗ ಅದೊಂದೇ. ಬೀಗರಾಗುವವರ ಮುಂದೆ ಹೂದಾನಿಯಂತೆ ಕೂರುವುದು.

ಆ ಹುಡುಗಿಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಬಲ್ಲೆ. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಇಟ್ಟುಕೊಂಡು ಓಣಿಯ ಏರು ಹತ್ತುವಾಗ ಅವಳು ಹನಿ ನೀರು ಚೆಲ್ಲಿದ್ದನ್ನು ಕಂಡಿಲ್ಲ. ಮಧ್ಯಾಹ್ನ ನನ್ನ ಹತ್ತಿರ ಕಸೂತಿ ಕಲಿಯಲು ಬರುತ್ತಿದ್ದಳು. ಹುಡುಗನ ಊರು ಸಂಪಗಾಂವ, ಸವದತ್ತಿಯಲ್ಲಿ ಹೈಸ್ಕೂಲು ಮಾಸ್ತರ. ಯಾರದೋ ಲಗ್ನದಲ್ಲಿ ಅವನನ್ನು ನೋಡಿ ಬಂದಂದಿನಿಂದ ಅವಳ ಎಳೆಗಳು ತಪ್ಪುತ್ತಿದ್ದವು. "ಲಗ್ನ ಆದಮ್ಯಾಲೂ ನನಗ ಸಾಲಿ ಕಲಸ್ತಾರಂತ್ರಿ," ಎಂದು ಸೂಜಿಗೆ ಹೇಳಿದಂತೆ ಹೇಳಿದ್ದಳು. ಬಂದ ಸಂಬಂಧಗಳಲ್ಲಿ ಅವಳಿಗೆ ಬೇಕಾಗಿದ್ದದ್ದು ಇದೊಂದೇ.

ಬಂದವರು ಹುಡುಗ, ಅವನ ತಾಯಿ, ಮತ್ತು ಅವನ ದೊಡ್ಡವ್ವ. ದೊಡ್ಡವ್ವನ ಗಂಡ ತಾಲೂಕು ಸೊಸೈಟಿಯ ಚೇರಮನ್ನರು. ಅಲ್ಲಿ ಸೇರಿದ್ದ ಓಣಿಯ ಹೆಂಗಸರೆಲ್ಲರ ಹೊಲಕ್ಕೆ ಬೀಜ, ಗೊಬ್ಬರ ಬರುತ್ತಿದ್ದದ್ದು ಅವರ ಕೈಯಿಂದ. ಹೀಗಾಗಿ ಆಕೆ ಹೊಸ್ತಿಲು ದಾಟಿದಾಗ ಜಮಖಾನೆಯ ಮೇಲಿದ್ದವರೆಲ್ಲ ಎದ್ದರು. ಆಕೆ ಕೂತು, ಲೋಡಿಗೆ ಒರಗಿ, ಸೆರಗು ಸರಿಮಾಡಿಕೊಂಡ ಮೇಲೆ ಕೂತರು.

ಆಕೆ ಚಹಾದ ಒಂದು ಗುಟುಕು ಕುಡಿದು, "ಸಕ್ಕರಿ ಭಾಳ ಆಗೈತಿ," ಎಂದಳು. ಅಲ್ಲಿಯವರೆಗೆ ಬಸಿಗೆ ಸುರಿದುಕೊಂಡು ಸುರ್ರನೆ ಎಳೆಯುತ್ತಿದ್ದ ಹೆಂಗಸರು ಬಸಿ ಕೆಳಗಿಟ್ಟರು. ಎಲ್ಲರಿಗೂ ಒಮ್ಮೆಲೇ ಸಿಹಿ ಹೆಚ್ಚಾಗಿತ್ತು.

"ಏಳವ್ವಾ, ಒಂದೀಟ ಅಡ್ಡಾಡು," ಎಂದಳು ದೊಡ್ಡವ್ವ, ಎದುರು ಕೂತಿದ್ದ ಹುಡುಗಿಗೆ.

ಹುಡುಗಿ ಗೋಡೆಯಿಂದ ಗೋಡೆಗೆ ನಡೆದಳು. ದೊಡ್ಡವ್ವ ಕಣ್ಣು ಕಿರಿದು ಮಾಡಿದಳು. ಏನಾದರೊಂದು ಐಬು ಹುಡುಕದೆ ಎದ್ದು ಹೋದರೆ ಚೇರಮನ್ನರ ಹೆಂಡತಿ ಬಂದು ಹೋದಂತಾಗುವುದಾದರೂ ಹೇಗೆ?

"ಎಡಗಾಲ ಎಳೀತಾಳಲ್ಲ?"

ನನ್ನ ಪಕ್ಕ ಕೂತಿದ್ದ, ನಮಗೂ ತನಗೂ ಒಂದೇ ಗೋಡೆಯಿರುವ ಪಕ್ಕದ ಮನೆಯಾಕೆ ಬಾಯಿ ಬಿಟ್ಟಳು. "ಹೌದ್ರಿ ಅಮ್ಮಾರ. ಒಂಚೂರು."

ಅಷ್ಟಾದದ್ದೇ ತಡ, ಉಳಿದವರಿಗೂ ಕಂಡಿತು. ಹುಡುಗಿಯ ತಾಯಿಯೂ, "ಸೀರಿ ಉದ್ದ ಆಗೈತ್ರಿ, ಅದಕ್ಕ," ಎಂದಳು. ಇಲ್ಲದ ಕುಂಟಿಗೆ ಹೆತ್ತವಳೇ ಕಾರಣ ಕೊಟ್ಟಳು.

"ಹಂಗ ಅನುಮಾನ ಇಟ್ಕೊಬಾರದು. ನಮ್ಮ ಮನಿತನದಾಗ ಕಾಲು ತೊಯಿಸಿ ಫರಸಿ ಮ್ಯಾಲ ನಡಸತೇವಿ," ಎಂದಳು ದೊಡ್ಡವ್ವ.

ನೀರು ತಂದರು. ಹುಡುಗಿ ಪಾದ ತೋಯಿಸಿಕೊಂಡು ಪಡಸಾಲೆಯ ಫರಸಿಕಲ್ಲಿನ ಮೇಲೆ ನಡೆದಳು. ಎಲ್ಲರೂ ಬಗ್ಗಿ ನೋಡಿದೆವು. ಹಿಮ್ಮಡಿ, ಅಂಗಾಲಿನ ಬಳುಕು, ಕಿರುಬೆರಳಿನ ಚುಕ್ಕೆ, ಎಡಗಾಲಿನದೂ ಬಲಗಾಲಿನದೂ ಒಂದೇ ಸಮ. ರಂಗೋಲಿಯ ಅಚ್ಚಿನಿಂದ ಒತ್ತಿದಂತಿದ್ದವು.

"ಎಡದ್ದು ತೆಳ್ಳಗ ಬಿದ್ದೈತಿ ನೋಡ್ರಿ," ಎಂದಳು ದೊಡ್ಡವ್ವ.

"ಬಿದ್ದೈತ್ರಿ."

"ಬೆರಳಂತೂ ಮೂಡೇ ಇಲ್ಲ ಬಿಡ್ರಿ."

ಬೆರಳು ಅಲ್ಲೇ, ಹಾಗೆಂದಾಕೆಯ ಮೂಗಿನ ಕೆಳಗೇ ಇತ್ತು. ದೊಡ್ಡವ್ವ ನನ್ನ ಕಡೆ ತಿರುಗಿದಳು. "ಏನ್ರಿ ಬಾಯಾರ, ನೀವು ಇಂಗ್ಲೀಷ ಕಲತಾವ್ರು. ನೀವ ಹೇಳ್ರಿ."

"ನಂಗ ಎರಡೂ ಒಂದೇ ಥರಾ ಕಾಣಸ್ತಾವ್ರಿ."

"ಬೂಟು ಹಾಕ್ಕೊಂಡು ಸಾಲಿಗೆ ಹೋದಾವ್ರು, ಹೆಜ್ಜಿ ಎಲ್ಲಿ ನೋಡಿರ್ತೀರಿ ಪಾಪ."

ಎಲ್ಲರೂ ನಕ್ಕರು. ಹುಡುಗಿಯ ತಾಯಿ ಕೂಡ ಸ್ವಲ್ಪ ತಡವಾಗಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಮಕ್ಕಳಿಗೆ ರೇಖಾಗಣಿತ ಕಲಿಸುವ ಆ ಮಾಸ್ತರ ಕಲ್ಲನ್ನೊಮ್ಮೆ, ದೊಡ್ಡವ್ವನನ್ನೊಮ್ಮೆ ನೋಡಿ, "ಫರಕ ಇದ್ದಂಗ ಐತಿ," ಎಂದ. ಅಷ್ಟರಲ್ಲಿ ಹೆಜ್ಜೆಗಳು ಅಂಚಿನಿಂದ ಆರತೊಡಗಿದ್ದವು.

ನಮ್ಮ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಮದರ್ ಆರಿದ ಗಂಜಿ ಬಡಿಸಿ "ಬಿಸಿ ಇದೆ, ಜೋಪಾನ," ಅಂದರೆ ನಾವು ಊದಿಕೊಂಡು ಕುಡಿಯುತ್ತಿದ್ದೆವು. ಆಗ ನಮಗೆ ಹಾಲುಹಲ್ಲು ಬಿದ್ದಿರಲಿಲ್ಲ. ಇಲ್ಲಿ ಊದುತ್ತಿದ್ದವರು ಮೊಮ್ಮಕ್ಕಳನ್ನು ಕಂಡವರು, ಸಂತೆಯಲ್ಲಿ ಬದನೆಕಾಯಿಯನ್ನು ಹತ್ತು ಸಲ ತಿರುಗಿಸಿ ಹುಳ ಹುಡುಕುವವರು.

"ಇನ್ನೊಮ್ಮೆ ನಡಿಯವ್ವಾ."

ಈ ಸಲ ಹುಡುಗಿ ತನ್ನ ಪಾದವನ್ನೇ ನೋಡಿಕೊಂಡು ನಡೆದಳು. ಎಡಗಾಲನ್ನು ಅನುಮಾನಿಸಿ ಎತ್ತಿದಳು, ಅನುಮಾನಿಸಿ ಇಟ್ಟಳು. ಈಗ ನಿಜವಾಗಿಯೂ ಎಳೆಯುತ್ತಿದ್ದಳು.

"ಕಂಡಿತಿಲ್ಲ?" ಎಂದಳು ದೊಡ್ಡವ್ವ. ಅವರು "ಹೇಳಿ ಕಳಸ್ತೇವಿ" ಎಂದು ಎದ್ದರು. ಹಾಗೆ ಹೇಳಿ ಹೋದವರು ಯಾರೂ ಹೇಳಿ ಕಳಿಸುವುದಿಲ್ಲವೆಂಬುದು ಆ ಮನೆಗೆ ಗೊತ್ತಿತ್ತು. ಮೆಟ್ಟಿಲವರೆಗೂ ಹೋಗಿ ಬೀಳ್ಕೊಟ್ಟದ್ದು ಓಣಿಯ ಹೆಂಗಸರೇ. ಹುಡುಗಿಯ ಹತ್ತಿರ ಒಬ್ಬರೂ ನಿಲ್ಲಲಿಲ್ಲ.

ಸಂಜೆ ಹುಡುಗಿ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅತ್ತು ಮುಖ ತೊಳೆದುಕೊಂಡಿದ್ದಳು.

"ಬಾಯಾರ, ಖರೇನ ಎಳೀತೇನೇನ್ರಿ?"

"ಇಲ್ಲವಾ. ನನ್ನಾಣಿ ಇಲ್ಲ."

ತಲೆಯಾಡಿಸಿದಳು. ನಂಬಿ ಅಲ್ಲ, ಒಳ್ಳೆಯವರು ಸಮಾಧಾನಕ್ಕೆ ಏನೋ ಹೇಳುತ್ತಾರೆ ಎಂಬಂತೆ. ಹಿತ್ತಲಿನ ಮೆಟ್ಟಿಲುಗಳನ್ನು ಗೋಡೆ ಹಿಡಿದುಕೊಂಡು ಇಳಿದು ಹೋದಳು.

ಪಕ್ಕದ ಮನೆಯಾಕೆ ತನ್ನ ಹಿತ್ತಲಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದಳು. ಹುಡುಗಿ ಮರೆಯಾಗುವವರೆಗೆ ನೋಡಿ, ಒಂದು ಕಲ್ಲನ್ನು ಅತ್ತ ಎಸೆದು, ನನಗೆ ಹೇಳಿದಳು:

"ನೀವು ಒಮ್ಮಿ ಧಾರವಾಡಕ್ಕ ಹೋಗಿ ಕಣ್ಣ ತೋರಿಸ್ಕೊಂಡ ಬರ್ರಿ ಬಾಯಾರ. ಇಷ್ಟ ಸಣ್ಣ ವಯಸ್ಸಿನಾಗ ಹಿಂಗಾದ್ರ ಚೊಲೋ ಅಲ್ರಿ."