ದೊರೆಗಳ ಬಾಲ್ಕನಿ

ಎದುರಿಗೆ ಯಾರಾದರೂ ಕುಳಿತಿದ್ದರೆ ನನಗೆ ನೆಮ್ಮದಿಯಾಗಿ ಕಾಫಿ ಕುಡಿಯಲು ಬರುವುದಿಲ್ಲ. ಕಾಲೇಜಿನ ವಾಚನಾಲಯದಲ್ಲೂ ಕಂಬದ ಹಿಂದಿನ ಕುರ್ಚಿಯೇ ನನ್ನದು. ಗೆಳತಿಯರು ಇದನ್ನು ಜಂಬ ಎನ್ನುತ್ತಾರೆ. ಜಂಬವಲ್ಲ, ಮನೆತನದಿಂದ ಬಂದದ್ದು. ಕೆಲವರಿಗೆ ಸಕ್ಕರೆ ಕಾಯಿಲೆ ಬರುವಂತೆ.

ಲಷ್ಕರ್ ಮೊಹಲ್ಲಾದ ನಮ್ಮ ಹಿತ್ತಲಿನ ಗೋಡೆಯಾಚೆಗೆ ಇಂಗ್ಲಿಷರ ಕಾಲದ ಒಂದು ವಸತಿಗೃಹವಿತ್ತು. ಅದರ ನಿಜವಾದ ಹೆಸರು ಬೇರೆ. ನಮಗೆಲ್ಲ ಅದು ದೊರೆಗಳ ಹೋಟೆಲು. ದಸರೆಗೆ, ಕುದುರೆ ರೇಸಿಗೆ ಬಂದ ಬಿಳಿಯರು ಅದರ ಮಹಡಿಯ ಬಾಲ್ಕನಿಯಲ್ಲಿ ಕೂರುತ್ತಿದ್ದರು. ಮನೆ ಕಟ್ಟುವುದರಲ್ಲಿ ನಮಗೂ ಅವರಿಗೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗೆ ತೋರುತ್ತದೆ: ನಾವು ಆಕಾಶವನ್ನು ತೊಟ್ಟಿಗೆ ಇಳಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತೇವೆ, ಅವರು ಆಕಾಶ ಇರುವಲ್ಲಿಗೆ ಕುರ್ಚಿ ಎಳೆದುಕೊಂಡು ಹೋಗುತ್ತಾರೆ.

ಪಿಂಗಾಣಿಯ ಸದ್ದು, ನಗು ಗೋಡೆ ದಾಟಿ ಬಂದರೆ ಸಾಕು, ಅಪ್ಪನ ತಾಯಿ, ನಮ್ಮ ಅಜ್ಜಿ, ಕೂಗುತ್ತಿದ್ದರು: "ದೊರೆ ಕೂತವ್ನೆ, ಒಳಕ್ಕೆ ಬಾರೇ!" ತಲೆಗೆ ನೀರು ಹಾಕಿಕೊಂಡು ಹಿತ್ತಲಿನ ಬಿಸಿಲಿಗೆ ನಿಂತ ಅಮ್ಮ ತಲೆ ತಗ್ಗಿಸಿ ಒಳಗೆ ಓಡಬೇಕು. ಮದುವೆಯಾಗಿ ಬಂದಾಗಿನಿಂದ ಅವಳ ಕೂದಲು ಒಣಗಿದ್ದು ಒಲೆಯ ಹೊಗೆಯಲ್ಲಿ.

ದೊರೆಗಳು ಹಡಗು ಹತ್ತಿದರು. ಅಜ್ಜಿಯೂ ಹೋದರು. ಕಳೆದ ವರ್ಷ ಹೋಟೆಲನ್ನು ಕೆಡವಲು ಶುರುಮಾಡಿದಾಗ, ಎಂದೂ ಏನನ್ನೂ ಕೇಳದ ಅಮ್ಮ ಕೇಳಿದಳು: "ಪೂರ್ತಿ ಬೀಳೋಕೆ ಮುಂಚೆ ಒಂದ್ಸಲ ಆ ಮಹಡಿ ಹತ್ತಬೇಕು ಕಣೇ. ಅಲ್ಲಿಂದ ನಾನು ಹೆಂಗ್ ಕಾಣ್ತಿದ್ದೆನೋ ನೋಡ್ಬೇಕು."

ಅಲ್ಲಿದ್ದ ಕಾವಲುಗಾರ ನಕ್ಕ. "ಬನ್ರವ್ವ, ಬಾಗ್ಲೇ ಕಿತ್ತಾಕ್ಬುಟ್ಟವ್ರೆ, ಇನ್ ಯಾರನ್ ತಡೀಲಿ?"

ಬಾಲ್ಕನಿಯ ತುಂಬ ಗಾರೆಯ ಪುಡಿ, ಪಾರಿವಾಳದ ಹಿಕ್ಕೆ. ಅಮ್ಮ ಅಂಚಿನ ಕಟಾಂಜನದ ಕಂಬಿ ಹಿಡಿದು ಕೆಳಗೆ ನೋಡಿದಳು. ನಾನೂ ನೋಡಿದೆ. ನಮ್ಮ ಬಚ್ಚಲುಮನೆಯ ಹೆಂಚು, ಅದಕ್ಕೆ ಒತ್ತಿಕೊಂಡು ಪಕ್ಕದ ಮನೆಯವರ, ಅಜ್ಜಿಗಿಂತಲೂ ಹಳೆಯ ಹಲಸಿನ ಮರ. ಹಿತ್ತಲು ಅಂಗೈಯಗಲವೂ ಕಾಣುತ್ತಿರಲಿಲ್ಲ. ಹೆಂಚಿನಾಚೆಗೆ, ಕಣ್ಣಿನ ನೇರಕ್ಕೆ, ಚಾಮುಂಡಿ ಬೆಟ್ಟ.

ದೊರೆಗಳು ಬೆಟ್ಟ ನೋಡುತ್ತಿದ್ದರು. ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದ ನನಗೂ ಇದು ಹೊಳೆದಿರಲಿಲ್ಲ: ಅವರು ನಮಗೆ ಕಾಣದಿದ್ದರೆ ನಾವೂ ಅವರಿಗೆ ಕಾಣುವುದಿಲ್ಲ. ಹಿತ್ತಲಿನಲ್ಲಿ ನಿಂತು ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು. ಆದರೆ ನಮ್ಮ ಮನೆಯಲ್ಲಿ ತಲೆ ಎತ್ತುವುದೇ ನಿಷಿದ್ಧ.

"ನೋಡಿದೆಯಾ ಅಮ್ಮ, ಯಾರೂ ನೋಡೇ ಇರಲಿಲ್ಲ" ಎಂದೆ, ಲೆಕ್ಕ ಬಿಡಿಸಿಕೊಟ್ಟವಳ ಹಾಗೆ. ಅವಳು ನಿರಾಳವಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಾಡಿತು.

"ಒಬ್ಬರೂನೂ ಇಲ್ವಾ?" ಎಂದಳು.

ಕಣ್ಣು ತಪ್ಪಿಸಿ ಬದುಕುವುದು ಕಷ್ಟವೇ. ಆದರೆ ತಪ್ಪಿಸಿಕೊಳ್ಳಲು ಅಲ್ಲಿ ಕಣ್ಣೇ ಇರಲಿಲ್ಲ ಎಂದು ಈ ವಯಸ್ಸಿನಲ್ಲಿ ತಿಳಿಯುವುದು? ಅಪ್ಪ ಸದಾ ಅಂಗಡಿಯ ಚಿಂತೆಯಲ್ಲಿ, ನಾನು ಪುಸ್ತಕದಲ್ಲಿ. ಅಮ್ಮ ಯಾರಾದರೂ ನೋಡುವಂಥವಳು ಎಂದು ನಮ್ಮ ಮನೆಯಲ್ಲಿ ನಂಬಿದ್ದವರು, ಪಾಪ, ಕಾಣದ ದೊರೆಯನ್ನು ಬೈಯುತ್ತಿದ್ದ ಅಜ್ಜಿ ಒಬ್ಬರೇ.

ಇಳಿಯುವಾಗ ಅವಳು ಮುಂದೆ, ನಾನು ಹಿಂದೆ. ಅವಳ ತುರುಬು ಪೂರ್ತಿ ಬೆಳ್ಳಗಾಗಿರುವುದು ಅಂದೇ ನನ್ನ ಕಣ್ಣಿಗೆ ಬಿತ್ತು. ಯಾವಾಗ ಬೆಳ್ಳಗಾಯಿತೋ ಗೊತ್ತಿಲ್ಲ.

"ಏನೇ ಹಂಗ್ ನೋಡ್ತಿದ್ದೀಯ?" ತಿರುಗದೆಯೇ ಕೇಳಿದಳು.

"ಏನಿಲ್ಲಮ್ಮ."

ಅವಳು ಮುಂದಿನ ಮೆಟ್ಟಿಲಿಗೆ ಕಾಲಿಡಲಿಲ್ಲ. ನೋಡಲಿ ಎಂದೋ ಏನೋ, ಅಲ್ಲೇ ತುಸು ಹೊತ್ತು ನಿಂತಳು.