ಮೂರನೇ ಮಹಡಿಯಿಂದ ಎಸಿ ಇಳಿಸಿದ್ದು

ತಾಯಿಫಿಗೆ ಎಸಿ ಬೇಕಿಲ್ಲ ಎಂದು ಮೊದಲು ಹೇಳಿದವರು ಯಾರೋ, ಅವರನ್ನು ನನಗೊಮ್ಮೆ ನೋಡಬೇಕಿದೆ. ಜಿದ್ದಾದ ಸೆಕೆ ತಡೆಯಲಾಗದವರು ಬೆಟ್ಟ ಹತ್ತಿ ಬರುವ ಊರು ಅದು, ನಿಜ. ಚಳಿಗಾಲದಲ್ಲಿ ಎರಡು ಸ್ವೆಟರ್ ಹಾಕಿಕೊಂಡರೂ ಕರಾವಳಿಯ ಹುಡುಗಿಯರಾದ ನಮ್ಮ ಹಲ್ಲು ಕಟಕಟ ಎನ್ನುತ್ತಿತ್ತು, ಅದೂ ನಿಜ. ಆದರೆ ಹಾಗೆ ಹೇಳುವವರು ಯಾರೂ ನಮ್ಮ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಜುಲೈ ತಿಂಗಳ ಹಗಲು ಮಲಗಿ ನೋಡಿದವರಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ನಾನು ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲಿನಲ್ಲಿ ಮಲಗಬೇಕಿತ್ತು. ಹೆಂಗಸರ ಹಾಸ್ಟೆಲ್ ಆದ್ದರಿಂದ ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದು, ತೆರೆಯದಂತೆ ಸ್ಕ್ರೂ ಬಿಗಿದಿದ್ದರು. ರಸ್ತೆಯ ಗಂಡಸರ ಕಣ್ಣಿಗೆ ನಾವು ಬೀಳಬಾರದಲ್ಲ! ಊರಿಗೆಲ್ಲ ತಂಗಾಳಿ ಬೀಸಿದರೂ ನಮ್ಮ ಪಾಲಿನ ಗಾಳಿ ಗೋಡೆಯ ತೂತಿನಲ್ಲಿ ಕೂರಿಸಿದ್ದ ಹಳೆಯ ಎಸಿಯಿಂದಲೇ ಬರಬೇಕಿತ್ತು. ಆ ಬೇಸಗೆಯಲ್ಲಿ ಅದು ಒಂದು ದಿನ ಗುಂಯ್ ಎಂದು ನರಳಿ ನಿಂತುಹೋಯಿತು.

ನಮ್ಮ ಕೋಣೆಯಲ್ಲಿ ಮೂವರು: ನಾನು, ಉಡುಪಿ ಕಡೆಯ ಒಬ್ಬಳು, ಫಿಲಿಪೈನ್ಸಿನ ಒಬ್ಬಳು. ಮೂವರೂ ವಾರ್ಡನ್ ಹತ್ತಿರ ಹೋದೆವು. ವಾರ್ಡನ್ ಕೇರಳದ ಹಿರಿಯ ನರ್ಸ್, ಕೆಟ್ಟವರಲ್ಲ, ಆದರೆ ಕೆಲಸಕ್ಕೆ ಹೆದರುವವರು. ಅವರು ಗೋಡೆಯ ನೋಟಿಸ್ ತೋರಿಸಿದರು. ತಾಯಿಫ್ ತಂಪು ಊರು, ಇಲ್ಲಿ ಎಸಿ ಅನಿವಾರ್ಯವಲ್ಲ, ಆದ್ದರಿಂದ ರಿಪೇರಿಯ ಖರ್ಚು ಆಯಾ ಕೋಣೆಯವರದೇ ಎಂದು ಅದರಲ್ಲಿತ್ತು.

ಆಸ್ಪತ್ರೆಯ ಗುತ್ತಿಗೆದಾರ ಜಿದ್ದಾದಿಂದ ಬಂದ. ಗಂಡಸಿಗೆ ಹಾಸ್ಟೆಲಿನ ಒಳಗೆ ಪ್ರವೇಶವಿಲ್ಲ. ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಮೂರನೇ ಮಹಡಿಯ ಗೋಡೆಯಿಂದ ಹೊರಗೆ ಇಣುಕುತ್ತಿದ್ದ ಎಸಿಯ ಹಿಂಭಾಗ ನೋಡಿದ. ಕಂಪ್ರೆಸರ್ ಹೋಗಿದೆ ಎಂದ. ಹೊಸದು ಹಾಕಲು, ಕ್ರೇನ್ ತಂದು ಹೊರಗಿನಿಂದ ಇಳಿಸಿ ಏರಿಸಲು, ಜಿದ್ದಾದಿಂದ ಬಂದು ಹೋಗಲು ಎಲ್ಲ ಸೇರಿ ಒಂಬೈನೂರು ರಿಯಾಲ್. ತಲೆಗೆ ಮುನ್ನೂರು, ನನ್ನ ಸಂಬಳದ ಕಾಲು ಭಾಗ. ನಾನು ದಿನಾ ಶಿಶುಗಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಕಿವಿಗೊಟ್ಟು ಕೇಳುವವಳು. ಮೂರು ಮಹಡಿ ಕೆಳಗೆ ನಿಂತು ರೋಗ ಹೇಳುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ.

ನಮ್ಮಂತೆಯೇ ಎಸಿ ಕೆಟ್ಟಿದ್ದ ಉಳಿದ ಕೋಣೆಗಳಲ್ಲಿ ಕೆಲವರು ದುಡ್ಡು ಕೊಟ್ಟು ಸುಮ್ಮನಾಗಿದ್ದರು, ಕೆಲವರು ಒದ್ದೆ ಟವೆಲ್ ಹೊದ್ದು ಮಲಗುತ್ತಿದ್ದರು. ನಾವೂ ಟವೆಲ್ ಹೊದ್ದೆವು. ನಿದ್ದೆ ಮಾತ್ರ ಬರಲಿಲ್ಲ. ಒಂಬತ್ತನೆಯ ದಿನ ಪಾಳಿ ಮುಗಿಯುವ ಹೊತ್ತಿಗೆ, ಅರ್ಧ ಗಂಟೆಯ ಹಿಂದಷ್ಟೇ ನಾನೇ ಔಷಧಿ ಕೊಟ್ಟಿದ್ದ ಮಗುವಿಗೆ ಮತ್ತೆ ಅದೇ ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡು ನಿಂತಿದ್ದೆ. ಚಾರ್ಟಿನಲ್ಲಿ ನನ್ನದೇ ಸಹಿ ಕಂಡು ಸಿರಿಂಜು ಕೆಳಗಿಟ್ಟೆ. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲಿ ಇಲ್ಲ. ಹೆದರಿಕೆ ಇಳಿದ ಮೇಲೆ ಬಂದದ್ದು ಸಿಟ್ಟು. ನನಗೆ ನಿದ್ದೆ ಬೇಕು, ಅದಕ್ಕೆ ಒಂಬೈನೂರು ಕೊಡುವುದಿಲ್ಲ ಎಂದು ಆ ದಿನವೇ ನಿಶ್ಚಯಿಸಿದೆ.

ವಾರಕ್ಕೊಮ್ಮೆ ಆಸ್ಪತ್ರೆಯ ಬಸ್ಸು ನಮ್ಮನ್ನು ಮಾರ್ಕೆಟ್ಟಿಗೆ ಕರೆದೊಯ್ಯುತ್ತಿತ್ತು. ಅಲ್ಲಿನ ಗಲ್ಲಿಯೊಂದರಲ್ಲಿ ಬಂಟ್ವಾಳ ಕಡೆಯ ಬ್ಯಾರಿಯೊಬ್ಬರು ಫ್ರಿಜ್, ಎಸಿ ರಿಪೇರಿ ಮಾಡುತ್ತಿದ್ದರು. ನನ್ನ ಕತೆ ಕೇಳಿ ಅವರು ಸ್ಪಾನರ್ ಕೆಳಗಿಟ್ಟರು.

"ಕೆಳಗೆ ನಿಂತು ನೋಡಿ ಕಂಪ್ರೆಸರ್ ಹೋಗಿದೆ ಅಂತ ಹೇಳಿದ್ದಾ? ಅವನ ಕಣ್ಣು ಭಾರೀ ಜೋರುಂಟು. ನಾನು ಒಳಗೆ ಬರ್ಲಿಕ್ಕಿಲ್ಲ ಸಿಸ್ಟರ್, ಬಂದ್ರೆ ನನ್ನ ಇಕಾಮಾ ಹೋಗ್ತದೆ, ಮತ್ತೆ ಈ ದೇಶದಲ್ಲಿ ಇರ್ಲಿಕ್ಕಿಲ್ಲ. ನೀವು ಗೇಟಿನ ಹೊರಗೆ ತಂದಿಟ್ರೆ ನೋಡಿ ಕೊಡ್ತೇನೆ. ಆದ್ರೆ ಅದು ಎಂತ ಭಾರ ಗೊತ್ತುಂಟಾ?"

ಗೊತ್ತಿತ್ತು. ನೂರು ಕಿಲೋ ತೂಗುವ ರೋಗಿಯನ್ನು ಮಂಚದಿಂದ ಟ್ರಾಲಿಗೆ ದಾಟಿಸುವುದು ನರ್ಸುಗಳಿಗೆ ದಿನನಿತ್ಯದ ಕೆಲಸ, ಹಸುಗೂಸುಗಳ ವಾರ್ಡಿಗೆ ಬರುವ ಮೊದಲು ನಾನೂ ಅದನ್ನೇ ಮಾಡಿದವಳು. ಎಸಿ ಏನು, ನೋವು ಎಂದು ಕೂಗುವುದೂ ಇಲ್ಲವಲ್ಲ. ಅವರು ಒಂದು ಸ್ಕ್ರೂಡ್ರೈವರ್ ಕೊಟ್ಟು, ಮುಂದಿನ ಜಾಲರಿ ತೆಗೆದು ಯಂತ್ರವನ್ನು ಪೆಟ್ಟಿಗೆಯೊಳಗಿಂದ ಜಾರಿಸಿ ತೆಗೆಯುವುದು ಹೇಗೆಂದು ಹೇಳಿಕೊಟ್ಟು, ಶುಕ್ರವಾರ ಗೇಟಿನ ಹತ್ತಿರ ಬರುತ್ತೇನೆಂದರು.

ಶುಕ್ರವಾರ ಬೆಳಿಗ್ಗೆ ಪಕ್ಕದ ಕೋಣೆಯ ಒಬ್ಬಳನ್ನೂ ಸೇರಿಸಿಕೊಂಡು ನಾಲ್ವರಾದೆವು. ಆಸ್ಪತ್ರೆಯ ದಪ್ಪ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಎಸಿಯನ್ನು ಜಾರಿಸಿದೆವು. ನಾಲ್ಕು ಮೂಲೆಗೆ ನಾಲ್ವರು. ಬಟ್ಟೆಯ ಅಂಚನ್ನು ಮುಷ್ಟಿಗೆ ಸುತ್ತಿಕೊಂಡು, ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟು, ವಾರ್ಡಿನಲ್ಲಿ ಎಣಿಸುವ ಹಾಗೆಯೇ ಒಂದು, ಎರಡು, ಮೂರು. ಎದ್ದಿತು. ಪ್ರತಿ ತಿರುವಿನಲ್ಲೂ ಇಳಿಸಿ, ಉಸಿರು ಬಿಟ್ಟು, ಮತ್ತೆ ಎಣಿಸಿದೆವು. ಗೇಟಿಗೆ ಹೋಗಬೇಕಾದ್ದರಿಂದ ಎಲ್ಲರೂ ಕಪ್ಪು ಅಬಾಯಾ ತೊಟ್ಟಿದ್ದೆವು. ಬಿಳಿ ಬಟ್ಟೆಯಲ್ಲಿ ಸುತ್ತಿದ ಭಾರವೊಂದನ್ನು ನಾಲ್ವರು ಕಪ್ಪುಡುಗೆಯ ಹೆಂಗಸರು ಹೊತ್ತು ಬರುವುದನ್ನು ಕಂಡು ಕಾವಲಿನ ಮುದುಕ ಗಾಬರಿಯಿಂದ ಎದ್ದು ನಿಂತ. ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದ. ಯಾರೂ ಇಲ್ಲ, ಇನ್ನೂ ಜೀವವಿದೆ ಎಂದೆ. ಅವನು ಗೇಟು ತೆರೆದ.

ಬ್ಯಾರಿಗಳು ಗೇಟಿನ ಹೊರಗೆ ಕೂತು ಬಿಚ್ಚಿದರು, ನಾವು ಒಳಗೆ ನಿಂತು ನೋಡಿದೆವು. ಗಾಳಿ ಊದುವ ಚಕ್ರದ ಒಳಗಿಂದ ಅವರು ಇಕ್ಕಳದಲ್ಲಿ ಎಳೆದದ್ದು ನನ್ನ ಹಳೆಯ ನೈಟಿ. ಇದನ್ನು ಮುಚ್ಚಿಡುವುದಿಲ್ಲ, ತಪ್ಪು ನಮ್ಮದೇ. ಚಳಿಯನ್ನೇ ಕಾಣದ ಊರಿನವರು ನಾವು. ಡಿಸೆಂಬರಿನಲ್ಲಿ ಎಸಿಯ ಸಂದಿಯಿಂದ ಬರುವ ಗಾಳಿ ತಾಳಲಾರದೆ ಕೈಗೆ ಸಿಕ್ಕಿದ ಹಳೆ ಬಟ್ಟೆಗಳನ್ನೆಲ್ಲ ಜಾಲರಿಯ ಹಿಂದೆ ತುರುಕಿದ್ದೆವು. ಬೇಸಗೆಯಲ್ಲಿ ತೆಗೆಯುವಾಗ ಒಂದು ಒಳಗೇ ಉಳಿದಿತ್ತು. ಅದು ಚಕ್ರಕ್ಕೆ ಸುತ್ತಿಕೊಂಡು, ಮೋಟರ್ ತಿರುಗಲಾಗದೆ, ಕೆಪಾಸಿಟರ್ ಸುಟ್ಟಿತ್ತು. ಕಂಪ್ರೆಸರ್ ಗಟ್ಟಿಮುಟ್ಟಾಗಿತ್ತು. ಹೊಸ ಕೆಪಾಸಿಟರಿಗೂ ಕೆಲಸಕ್ಕೂ ಸೇರಿ ಐವತ್ತು ರಿಯಾಲ್. ಊರಿನವರು ಎಂದು ಅವರು ಪುಕ್ಕಟೆ ಮಾಡಲಿಲ್ಲ. ನನಗೆ ಅದೂ ಇಷ್ಟವಾಯಿತು.

ಹತ್ತಿಸುವುದು ಇಳಿಸಿದ್ದಕ್ಕಿಂತ ಕಷ್ಟವಾಯಿತು. ಆದರೆ ಆ ಮಧ್ಯಾಹ್ನ ಕೋಣೆ ತಣ್ಣಗಾಯಿತು.

ಮರುದಿನ ಪಾಳಿ ಮುಗಿದದ್ದೇ ಮುದೀರ್, ಅಂದರೆ ಆಸ್ಪತ್ರೆಯ ಮ್ಯಾನೇಜರ್, ಕರೆಸಿದ. ಮೇಜಿನ ಮೇಲೆ ಟೈಪ್ ಮಾಡಿದ ಕಾಗದವಿತ್ತು. ಆಸ್ಪತ್ರೆಯ ಸೊತ್ತನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ, ಗುತ್ತಿಗೆದಾರನಿಗೆ ತಪ್ಪಿದ ಒಂಬೈನೂರನ್ನು ನನ್ನ ಸಂಬಳದಿಂದ ಮುರಿದುಕೊಳ್ಳಲು ಒಪ್ಪುತ್ತೇನೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು. ಪಕ್ಕದಲ್ಲಿ ನನ್ನ ಇಕಾಮಾ, ಅಂದರೆ ಅವನೇ ನವೀಕರಿಸಬೇಕಾದ ವಾಸದ ಪರವಾನಗಿ, ಇಟ್ಟಿದ್ದ. ಮುಂದಿನ ತಿಂಗಳು ಅದರ ಅವಧಿ ಮುಗಿಯುತ್ತದೆ ಎಂದು ಬಹಳ ಮೃದುವಾಗಿ ನೆನಪಿಸಿದ. ಪೆನ್ನು ಕೊಟ್ಟ.

"ರಿಪೇರಿ ನಮ್ಮದೇ ಅಂತ ಬರೆದು ಅಂಟಿಸಿದ್ದು ನೀವೇ ಸಾರ್," ಎಂದೆ. "ನಮ್ಮದನ್ನು ನಾವು ಮಾಡಿಕೊಂಡೆವು."

ಸಹಿ ಹಾಕದಿದ್ದರೆ ಊರಿನ ಟಿಕೆಟ್ ಎಂದ. ಊರಿನಲ್ಲಿ ನನ್ನ ಸಂಬಳಕ್ಕೆ ಕಾಯುವ ಮನೆಯಿತ್ತು. ಪೆನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಧೈರ್ಯ ಪೂರ್ತಿ ಇತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಸಹಿ ಮಾಡಿದರೆ ಇನ್ನು ಯಾವ ಕೋಣೆಯವಳೂ ಒಂಬೈನೂರಿಗೆ ಇಲ್ಲ ಎನ್ನಲಾರಳು ಎಂಬುದೂ ತಿಳಿದಿತ್ತು.

ಆಗ ವಾರ್ಡನ್ ಏದುಸಿರು ಬಿಡುತ್ತ ಒಳಗೆ ಬಂದರು. ಎರಡನೇ ಮಹಡಿಯ ನಾಲ್ವರು ತಮ್ಮ ಎಸಿಯನ್ನು ಶೀಟಿನಲ್ಲಿ ಇಳಿಸಿ ಗೇಟಿನ ಹತ್ತಿರ ತಂದಿದ್ದಾರೆ, ಮೊದಲನೆಯ ಮಹಡಿಯವರು ಸ್ಕ್ರೂ ಬಿಚ್ಚುತ್ತಿದ್ದಾರೆ, ಏನು ಮಾಡಲಿ ಸಾರ್ ಎಂದು ಕೇಳಿದರು.

ಅವನು ನನ್ನ ಮುಖ ನೋಡಿದ. ನಾನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.

"ಈ ಕಾಗದದಲ್ಲಿ ಒಬ್ಬಳ ಸಹಿಗೆ ಮಾತ್ರ ಜಾಗ ಇದೆ ಸಾರ್. ಉಳಿದವರನ್ನೂ ಸೇರಿಸಿ ಟೈಪ್ ಮಾಡಿಸಿ. ಅಷ್ಟು ಟಿಕೆಟ್ ತೆಗೆದ ಮೇಲೆ ವಾರ್ಡಿಗೆ ಯಾರು ಬರುತ್ತಾರೆ ಅಂತಲೂ ಒಮ್ಮೆ ಯೋಚನೆ ಮಾಡಿ. ನನಗೀಗ ಮಲಗುವ ಹೊತ್ತು."

ಅವನು ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದ. ನಾನು ಕೋಣೆಗೆ ಬಂದು ಸಂಜೆಯವರೆಗೆ ನಿದ್ದೆ ಮಾಡಿದೆ.