ಎಂಜಿನ್ ತಾನಾಗಿ ನಿಲ್ಲುವವರೆಗೆ

ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ನಮ್ಮ ಮಾವ ಕಬ್ಬಿನ ಹಾಲಿನ ಗಾಡಿ ಇಟ್ಟಿದ್ದರು. ಹೋದ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ನನ್ನ ಗಂಡ ಕಾರ್ಖಾನೆಯ ಕೆಲಸ ಬಿಡುವ ಹಾಗಿರಲಿಲ್ಲ, ಗಾಡಿಗೆ ನಾನೇ ನಿಂತೆ. ಮಾವ ಮನೆಯಲ್ಲಿ ಒಬ್ಬರೇ ಇದ್ದರೆ ಅಳುತ್ತಿದ್ದರು. ಅದಕ್ಕೆ ದಿನಾ ಆಟೋದಲ್ಲಿ ಕರೆತಂದು ಗಾಡಿಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಿದ್ದೆ.

ಕಬ್ಬು ಅರೆಯುವ ಮಷಿನ್ನಿಗೆ ಪುಟ್ಟ ಪೆಟ್ರೋಲ್ ಎಂಜಿನ್. ಹಗ್ಗ ಎಳೆದು ಸ್ಟಾರ್ಟ್ ಮಾಡುವುದನ್ನು ಗಂಡ ಹೇಳಿಕೊಟ್ಟಿದ್ದ. ನಿಲ್ಲಿಸುವುದನ್ನು ಯಾರೂ ಹೇಳಿಕೊಡಲಿಲ್ಲ. ಕೆಂಪು ಸ್ವಿಚ್ ಇತ್ತಲ್ಲ, ಒತ್ತುತ್ತಿದ್ದೆ.

ಒತ್ತಿದ ತಕ್ಷಣ ಮಾವ ಕೆರಳುತ್ತಿದ್ದರು. ಎಡಗೈ ಬೆರಳು ಕೂಡಿಸಿ, ಕೀ ತಿರುಗಿಸುವ ಹಾಗೆ ಗಾಳಿಯಲ್ಲಿ ತಿರುಗಿಸುವರು, ಆಮೇಲೆ ಅಂಗೈ ಎತ್ತಿ ಹಾಗೇ ಹಿಡಿಯುವರು.

"ಮನೆಗೆ ಬೀಗ ಹಾಕಿದೀನಿ ಮಾವ. ಕೀ ಇಲ್ಲೇ ಇದೆ ನೋಡಿ."

ಕೀ ತೋರಿಸಿದರೆ ಇನ್ನೂ ಸಿಟ್ಟು. ಒಂದು ಸಂಜೆ ಅದನ್ನು ನನ್ನ ಕೈಯಿಂದ ಕಿತ್ತು ಎಸೆದೇಬಿಟ್ಟರು. ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಹುಡುಕುತ್ತ ಕಣ್ಣೊರೆಸಿಕೊಂಡೆ.

"ಅವ್ರ ಗಾಡೀಲಿ ನಾನು ನಿಲ್ಲೋದೇ ಅವ್ರಿಗೆ ಬೇಡ," ಎಂದೆ ಗಂಡನಿಗೆ.

"ಹಂಗೇನಿಲ್ಲ ಕಣೆ. ಹುಷಾರಿಲ್ದೋರು, ಮನಸ್ಸಿಗೆ ಹಚ್ಕೋಬೇಡ," ಎಂದ.

ಮಳೆಗಾಲದಲ್ಲಿ ವ್ಯಾಪಾರವಿಲ್ಲದೆ ಗಾಡಿ ಮನೆ ಮುಂದೆ ನಿಂತಿತು. ಮಳೆ ಬಿಟ್ಟ ಮೇಲೆ ರಟ್ಟೆ ಬೀಳುವ ಹಾಗೆ ಹಗ್ಗ ಎಳೆದರೂ ಎಂಜಿನ್ ಅಲುಗಲಿಲ್ಲ. ಅರೆಕೆರೆಯಿಂದ ಬಂದ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೋರಿಸಿದ. ಒಳಗೆಲ್ಲ ಹಳದಿ ಅಂಟು.

"ಪೆಟ್ರೋಲ್ ನಿಂತು ನಿಂತು ಗೋಂದಾಗಿದೆ ಅಕ್ಕ. ಬರೀ ಸ್ವಿಚ್ ಒತ್ತಿ ಹೋಗ್ತಿದ್ರಾ? ದಿನಾ ನಿಲ್ಸುವಾಗ್ಲೂ ಮೊದ್ಲು ಪೆಟ್ರೋಲ್ ನಾಬ್ ಹಿಂಗೆ ತಿರುಗಿಸಿ ಬಂದ್ ಮಾಡ್ಬೇಕು. ಒಳಗಿರೋದೆಲ್ಲ ಉರಿದು ಎಂಜಿನ್ ತಾನೇ ನಿಲ್ಲುತ್ತೆ. ಅಲ್ಲೀವರೆಗೂ ಕಾಯ್ಬೇಕು."

ಹಿಂಗೆ ಎನ್ನುವಾಗ ಅವನ ಬೆರಳು ಗಾಳಿಯಲ್ಲಿ ತಿರುಗಿತು. ನಾನು ಮಾವನ ಕಡೆ ನೋಡಿದೆ. ಅವರು ಕುರ್ಚಿಯ ಕೈಯನ್ನು ದಬದಬ ಬಡಿಯುತ್ತಿದ್ದರು.

"ಇದನ್ನೇನಾ ಮಾವ, ಇಷ್ಟು ದಿನ ಹೇಳ್ತಿದ್ದಿದ್ದು?"

ಅವರಿಗೆ ಈಗ ಮುಖದ ಒಂದು ಪಕ್ಕ ಮಾತ್ರ ನಗಲು ಬರುತ್ತದೆ. ಆ ಪಕ್ಕ ಪೂರ್ತಿ ನಕ್ಕಿತು. ನನಗೆ ನಗುವೂ ಬಂತು, ಅಳುವೂ ಬಂತು. ನನ್ನ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ.

ಮರುದಿನ ಸಂಜೆ ಕುರ್ಚಿಯನ್ನು ಎಂಜಿನ್ನಿನ ಹತ್ತಿರಕ್ಕೆ ಎಳೆದು, "ನೀವೇ ಬಂದ್ ಮಾಡಿ," ಎಂದೆ. ಅವರ ಎಡಗೈ ನಾಬ್ ತಿರುಗಿಸಿತು. ಎಂಜಿನ್ ಸ್ವಲ್ಪ ಹೊತ್ತು ಓಡಿ, ಬಿಕ್ಕಿ, ಸುಮ್ಮನಾಯಿತು.

ಮಾತು ಇನ್ನೂ ಬಂದಿಲ್ಲ. ಆದರೆ ಅಂಗಡಿ ಮುಚ್ಚುವವರು ಈಗ ಅವರೇ. ಕೆಲವು ದಿನ ಗಿರಾಕಿಗಳಿರುವಾಗಲೇ ನಾಬ್ ತಿರುಗಿಸಿಬಿಡುತ್ತಾರೆ. "ಅಂಕಲ್, ಇನ್ನೊಂದೇ ಗ್ಲಾಸ್!" ಎಂದು ಯಾರಾದರೂ ಗೋಗರೆದರೆ, ನನ್ನ ಮುಖ ನೋಡಿ, ಮತ್ತೆ ಹಗ್ಗ ಎಳೆಯಲು ಕಣ್ಣಲ್ಲೇ ಅಪ್ಪಣೆ ಕೊಡುತ್ತಾರೆ.